ಒಳಗೆ ಯಾರೂ ಇಲ್ಲ

ನನ್ನ ಸಹಿಯ ಮೇಲೆ ನನ್ನ ಹೆಂಡತಿಗೆ ನಂಬಿಕೆಯಿಲ್ಲ. ಬ್ಯಾಂಕಿನವರು ನಂಬುತ್ತಾರೆ, ರೇಷನ್ ಅಂಗಡಿಯವರು ನಂಬುತ್ತಾರೆ, ಕಡಲಾಚೆಯಿಂದ ವಿಮಾನ ಹತ್ತಿ ಬರುತ್ತಿದ್ದ ಆಡಿಟರುಗಳು ಇಪ್ಪತ್ತಾರು ವರ್ಷ ನಂಬಿದರು. ರಾಜಾಮಣಿ ಮಾತ್ರ ನಂಬುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ನ್ಯಾಯ ನೀವೇ ಹೇಳಿ.

ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದವನು. ಬನಿಯನ್ನಿಗೂ ಸುರಕ್ಷತೆಗೂ ಏನು ಸಂಬಂಧ ಎನ್ನಬೇಡಿ. ಬೋರ್ಡು ಬರೆಸುವುದು, ಬೆಂಕಿ ಆರಿಸುವ ಸಿಲಿಂಡರುಗಳಿಗೆ ಚೀಟಿ ಕಟ್ಟುವುದು, 'ಪರೀಕ್ಷಿಸಲಾಗಿದೆ' ಎಂದು ದಿನಕ್ಕೆ ನಲವತ್ತು ಸಹಿ ಜಡಿಯುವುದು, ಎಲ್ಲ ನನ್ನದೇ ಘನಕಾರ್ಯ. ಈ ಸಹಿಗಳ ದೆಸೆಯಿಂದ ರಾಜಾಮಣಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಲಾಗಲಿಲ್ಲ. ಟಿಕೆಟ್ ತೆಗೆಸಿದಾಗಲೆಲ್ಲ ಆಡಿಟ್ ಬರುತ್ತಿತ್ತು. ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. ಪಾಪ, ಚೀಲಕ್ಕೆ ತುಂಬಿದ್ದ ಸೀರೆಗಳನ್ನು ಮಾತಿಲ್ಲದೆ ತೆಗೆದು ಬೀರುವಿಗೆ ಇಡುತ್ತಿದ್ದಳು. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಅದಕ್ಕೇ ರಿಟೈರ್ ಆದ ಮೇಲೆ ಪಕ್ಕದ ಅವಿನಾಶಿ ಊರಿನ ಒಂದು ಶೆಡ್ಡಿನಲ್ಲಿ ಗಾಡಿಮನೆ ಮಾಡಿಸಿದೆ. ಎರಡು ಚಕ್ರದ ಪುಟ್ಟ ಟ್ರೈಲರ್. ಕಾರಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಒಳಗೆ ಎರಡು ಮಂಚ, ಒಂದು ಒಲೆ, ಒಂದು ಕಪಾಟು. (ಜಗಳಕ್ಕೆ ಜಾಗ ಸಾಲದು ಎನ್ನುವುದೊಂದೇ ಕೊರತೆ.) ಶನಿವಾರ ಅಮರಾವತಿ ಅಣೆಕಟ್ಟಿಗೆ ಹೊರಡುವುದೆಂದು ನಿಶ್ಚಯವಾಯಿತು. ಗುರುವಾರ ಸಂಜೆ ಊರು ಸುತ್ತಿಸಿ ನೋಡಿದರೆ ಚಕ್ರಗಳು ಕಿರ್ ಎಂದವು. ಬೇರಿಂಗಿನಲ್ಲಿ ಗ್ರೀಸ್ ಒಣಗಿತ್ತು.

"ಮೆಕ್ಯಾನಿಕ್ಕನ್ನ ಕರೀರಿ," ಅಂದಳು ರಾಜಾಮಣಿ.

"ಸೇಫ್ಟಿ ಆಫೀಸರ್ ಮನೆಗೆ ಮೆಕ್ಯಾನಿಕ್ಕಾ? ಚುಮ್ಮಾ ಇರು, ನಾ ನೋಡ್ಕೋತೀನಿ."

ಶುಕ್ರವಾರ ಬೆಳಿಗ್ಗೆ ನಮ್ಮ ಅಂಗಳ ರಣರಂಗವಾಯಿತು. ತಲೆಗೆ ಹಳದಿ ಹೆಲ್ಮೆಟ್. ಗಾಡಿಯ ಮೈಗೆ 'ಕೆಲಸ ನಡೆಯುತ್ತಿದೆ, ಹತ್ತಿರ ಬರಬೇಡಿ' ಎಂಬ ಬೋರ್ಡು. ಕೆಲಸದ ವೇಳೆ ಫೋನ್ ನಿಷಿದ್ಧವಾದ್ದರಿಂದ ಅದನ್ನು ಆಫ್ ಮಾಡಿದೆ. ಕೈಯಲ್ಲಿ ನಾನೇ ರಚಿಸಿದ ಹನ್ನೆರಡು ಅಂಶಗಳ ಪಟ್ಟಿ. ನೆಲ ಸಮವಾಗಿದೆಯೇ? ಟಿಕ್. ಗಾಡಿ ಕಾರಿಗೆ ಕಟ್ಟಿದೆಯೇ? ಟಿಕ್. ಆಚೆ ಚಕ್ರಕ್ಕೆ ಕಲ್ಲು ಕೊಟ್ಟಿದೆಯೇ? ಟಿಕ್. ಒಳಗೆ ಯಾರೂ ಇಲ್ಲವೇ? ಟಿಕ್, ಸಹಿ, ತಾರೀಖು, ಸಮಯ. ಇಷ್ಟನ್ನೂ ತೆಂಗಿನ ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡೇ ಮುಗಿಸಿದೆ. ಅನುಭವ ಅಂದರೆ ಅದು.

ಆಮೇಲೆ ಜ್ಯಾಕ್ ಕೊಟ್ಟು ಒತ್ತಿದೆ. ಗಾಡಿ ನಾಲ್ಕು ಬೆರಳು ಮೇಲೆದ್ದಿತು. ಒಳಗೆ ಡಬ್ಬಿಗಳು ದಡಬಡ ಉರುಳಿದ ಸದ್ದು. ಕಪಾಟು ಸರಿಯಾಗಿ ಕೂರಿಸಿಲ್ಲ ಎಂದು ಶೆಡ್ಡಿನವರನ್ನು ಬೈದುಕೊಂಡೆ.

ಜಗುಲಿಯ ಮೇಲೆ ಸಣ್ಣ ಈರುಳ್ಳಿ ಸುಲಿಯುತ್ತಿದ್ದ ನನ್ನಮ್ಮ ನಾಚಿಯಮ್ಮನ ಫೋನ್ ಬಡಿದುಕೊಂಡಿತು. ಅಮ್ಮ ಕಿವಿಗೆ ಹಿಡಿದು ಕೇಳಿದಳು.

"ಲೋಗು, ರಾಜಾಮಣಿ ಮಾತಾಡ್ತಾ ಅವಳೆ. ಗಾಡಿ ಒಳಗೆ ಇದ್ದಾಳಂತೆ."

"ಇಲ್ಲಮ್ಮ, ಒಳಗೆ ಯಾರೂ ಇಲ್ಲ. ಹತ್ತೂ ಕಾಲಿಗೆ ಸೈನ್ ಆಗಿದೆ, ನೋಡು."

"ಅವಳೇ ಹೇಳ್ತಾ ಅವಳೆ ಕಣಪ್ಪ."

"ಅವಳು ಹೇಳಿದ್ರೆ ಆಯ್ತಾ? ರೆಕಾರ್ಡ್ ಏನ್ ಹೇಳುತ್ತೆ ಅಂತ ನೋಡ್ಬೇಕು ತಾನೇ?"

ಅಷ್ಟರಲ್ಲಿ ರೆಕಾರ್ಡಿಗೆ ವಿರುದ್ಧವಾಗಿ ಗಾಡಿಯ ಕಿಟಕಿ ತೆರೆಯಿತು. ಮುಖದ ತುಂಬ ಅರಿಶಿನಪುಡಿ ಮೆತ್ತಿಕೊಂಡು ರಾಜಾಮಣಿ ನಿಂತಿದ್ದಳು. ಪ್ರಯಾಣಕ್ಕೆಂದು ಸಾಮಾನು ಜೋಡಿಸಲು ಬೆಳಿಗ್ಗೆಯೇ ಒಳಗೆ ಹೋದವಳು.

"ಏನುಂಗ," ಅಂದಳು. (ನಮ್ಮ ಕಡೆ ಹೆಂಗಸರು ಗಂಡನನ್ನು ಕರೆಯುವುದು ಹೀಗೆ. ಗೌರವ, ಪ್ರೀತಿ, ಅಪಾಯ, ಮೂರೂ ಅದರಲ್ಲೇ ಇರುತ್ತವೆ.) "ಇಳಿಸ್ತೀರಾ, ಇಲ್ಲಾ ಇನ್ನೊಂದು ಸೈನ್ ಹಾಕ್ಬೇಕಾ?"

ಜ್ಯಾಕ್ ಜಾರಿದ್ದರೆ? ಅವಳನ್ನು ಅಲ್ಲಾಡದೆ ಕೂರಲು ಹೇಳಿ, ಉಸಿರು ಬಿಗಿಹಿಡಿದು ಗಾಡಿಯನ್ನು ಇಳಿಸಿದೆ. ಅವಳು ಕೆಳಗೆ ಬಂದು ಮುಖ ಒರೆಸಿಕೊಂಡು, ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಓದಿದಳು. ಆಚೆ ಬದಿಗೆ ಹೋಗಿ ಬಗ್ಗಿ ನೋಡಿದಳು.

"ಚಕ್ರಕ್ಕೆ ಕೊಟ್ಟ ಕಲ್ಲೆಲ್ಲಿ?"

"ಪಟ್ಟಿಯಲ್ಲಿದೆ," ಅಂದೆ.

"ಕಂಪನೀಲೂ ಹಿಂಗೇ ತಾನೇ? ಅಲ್ಲಿ ಆರುನೂರು ಹುಡುಗೀರು ಕೂತು ಹೊಲೀತಿದ್ರು."

ನಿಜ ಹೇಳುತ್ತೇನೆ, ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ," ಎಂದು ಅಮ್ಮ ಈರುಳ್ಳಿಗೆ ಹೇಳಿದಳು.

"ನೀವು ಚೆಕ್ ಮಾಡಿದ ಗಾಡೀಲಿ ನಾ ಬರಲ್ಲ," ಅಂದಳು ರಾಜಾಮಣಿ. ಕೂಗಾಡಲಿಲ್ಲ. ಬೀರುವಿಗೆ ಸೀರೆ ಇಡುತ್ತಿದ್ದ ಅದೇ ದನಿ. ತಪ್ಪಾಯಿತು ಅಂದೆ, ಇನ್ನೊಂದು ಅವಕಾಶ ಕೊಡು ಅಂದೆ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಸರಿ. ಕೆಲಸ ನಾ ಮಾಡ್ತೀನಿ. ಅಪ್ಪುರಂ, ಮುಗಿದ ಮೇಲೆ, ನೀವು ಚೆಕ್ ಮಾಡಿ. ಚೆಕಿಂಗ್ ಸರಿ ಇದ್ರೆ ಕಂಡಿಪ್ಪಾ, ಖಂಡಿತ ಬರ್ತೀನಿ."

ಅವಳು ಉಡುಮಲೈಪೇಟೆಯ ರೈತನ ಮಗಳು, ಟ್ರ್ಯಾಕ್ಟರ್ ನೋಡಿ ಬೆಳೆದವಳು. ಮೊದಲು ಗಾಡಿಯ ಬಾಗಿಲು ತೆರೆದು ಮಂಚದ ಕೆಳಗೂ ಇಣುಕಿದಳು. ಆಚೆ ಚಕ್ರದ ಹಿಂದೆ ಮುಂದೆ ಕಲ್ಲು ಒತ್ತಿದಳು. ಚಕ್ರ ನೆಲದ ಮೇಲಿದ್ದಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿದಳು. (ಎತ್ತಿದ ಮೇಲಾದರೆ ಸ್ಪ್ಯಾನರ್ ಜೊತೆ ಚಕ್ರವೂ ತಿರುಗುತ್ತದಂತೆ. ನನ್ನ ಹನ್ನೆರಡು ಅಂಶಗಳಲ್ಲಿ ಇದಿರಲಿಲ್ಲ.) ಜ್ಯಾಕನ್ನು ತಗಡಿಗೆ ಕೊಡದೆ ಅಡಿಯ ಕಬ್ಬಿಣದ ಚೌಕಟ್ಟಿಗೆ ಕೊಟ್ಟು ಎತ್ತಿದಳು. ಎತ್ತಿದ ತಕ್ಷಣ ಗಟ್ಟಿ ಸ್ಟ್ಯಾಂಡ್ ಕೊಟ್ಟಳು.

"ಜ್ಯಾಕ್ ಇರೋದು ಎತ್ತೋಕೆ. ಹೊತ್ಕೊಂಡು ನಿಲ್ಲೋಕಲ್ಲ," ಅಂದಳು.

ನಾನು ಗ್ರೀಸ್ ಡಬ್ಬಿ ಹಿಡಿದು ನಿಂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಎರಡೂ ಚಕ್ರ ಮುಗಿದು ಗಾಡಿ ನೆಲಕ್ಕಿಳಿದಿತ್ತು. ಅವಳು ಸ್ಪ್ಯಾನರನ್ನು ನನ್ನ ಕೈಗಿತ್ತು ಜಗುಲಿಯಲ್ಲಿ ಕೂತಳು.

ಈ ಸಲ ಕುರ್ಚಿಯ ಕಡೆ ನೋಡಲಿಲ್ಲ. ಹೆಲ್ಮೆಟ್ ತೆಗೆದಿಟ್ಟು, ಬಿಳಿ ಅಂಗಿಯಲ್ಲೇ ಮಣ್ಣಿನಲ್ಲಿ ಅಂಗಾತ ಮಲಗಿ ಗಾಡಿಯ ಅಡಿಯನ್ನೆಲ್ಲ ನೋಡಿದೆ. ಎಡ ಚಕ್ರದ ಒಂದೊಂದು ನಟ್ಟಿಗೂ ಸ್ಪ್ಯಾನರ್ ಹಾಕಿ ಒತ್ತಿದೆ. ಮೂರನೆಯದು ಸುಲಭವಾಗಿ ತಿರುಗಿತು.

"ರಾಜಾಮಣಿ, ಇದು ಸಡಿಲ ಇದೆ."

ಅವಳ ಮುಖ ಅರಳಿತು. "ಬೇಕಂತಲೇ ಬಿಟ್ಟೆ. ನಿಜವಾಗ್ಲೂ ನೋಡ್ತೀರೋ ಇಲ್ವೋ ಅಂತ."

ನನಗಾದ ಸಂತೋಷ ಏನು ಹೇಳಲಿ. ನಟ್ಟನ್ನು ಬಿಗಿದೆ. "ಪರವಾಗಿಲ್ಲ, ನನ್ನ ಮಗನಿಗೂ ಕಣ್ಣಿದೆ," ಅಂದಳು ಅಮ್ಮ. ಎದ್ದು ಮಣ್ಣು ಕೊಡವಿಕೊಂಡೆ, ಎದೆ ಉಬ್ಬಿಸಿ ಪಟ್ಟಿ ತೆಗೆದುಕೊಂಡೆ, 'ಪರೀಕ್ಷಿಸಲಾಗಿದೆ' ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ತಾರೀಖು, ಸಮಯ. ನಾಳೆ ಬೆಳಿಗ್ಗೆ ಆರಕ್ಕೆ ಹೊರಡೋಣ ಅಂದೆ.

ರಾಜಾಮಣಿ ಸಹಿಯನ್ನು ನೋಡಿದಳು, ನನ್ನನ್ನು ನೋಡಿದಳು. ನೆಲದ ಮೇಲಿದ್ದ ಸ್ಪ್ಯಾನರನ್ನು ಎತ್ತಿ ಮತ್ತೆ ನನ್ನ ಕೈಗಿಟ್ಟಳು.

"ನಾ ಸಡಿಲ ಬಿಟ್ಟಿದ್ದು ಎರಡು," ಅಂದಳು.