ಆಂಜನೇಯನಿಗೆ ಬಾಕಿ ಇದ್ದ ಹೆಜ್ಜೆಗಳು

ನನ್ನ ಹೆಂಡತಿ ಇವತ್ತು ಯಾರ ಕೈಯನ್ನೂ ಹಿಡಿಯದೆ ನಡೆದುಬಿಟ್ಟಳು! ಮೊಮ್ಮಗಳು ಮೊದಲ ಹೆಜ್ಜೆ ಇಟ್ಟ ದಿನವೂ ನಾನು ಇಷ್ಟು ಕುಣಿದಿರಲಿಲ್ಲ.

"ಸಾಕು ಕುಣಿದಿದ್ದು. ನೀವು ಬಿದ್ರೆ ಎತ್ತೋರ್ಯಾರು?" ಅಂತ ಅವಳೇ ಗದರಿದಳು.

ಇವಳಂಥ ಹಟಮಾರಿ ಇಡೀ ಚಂದ್ರಾ ಲೇಔಟಿನಲ್ಲಿ ಇನ್ನೊಬ್ಬಳಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಮಂಚ ಬಿಟ್ಟರೆ ಗೋಡೆ, ಗೋಡೆ ಬಿಟ್ಟರೆ ನಾನು! ಊಟದ ತಟ್ಟೆಯೂ ಮಂಚಕ್ಕೇ ಹೋಗುತ್ತಿತ್ತು. ಆದರೆ ಭಯ ಅಂತ ಒಪ್ಪಿಕೊಂಡಳೇ? ಮಗ ವಾಕರ್ ತಂದುಕೊಟ್ಟ. ಮಾರನೇ ದಿನ ನೋಡಿದರೆ ಅದರ ಮೇಲೆ ನನ್ನ ಪಂಚೆ ಒಣಗುತ್ತಿದೆ!

"ಚೆನ್ನಾಗಿದೆ ಕಣೋ. ಮಳೆ ಬಂದ್ರೆ ಬಟ್ಟೆ ಸಮೇತ ಒಳಗೆ ಎಳ್ಕೋಬಹುದು," ಅಂತ ಮಗನಿಗೆ ಶಹಬಾಸ್ ಬೇರೆ.

ಫಿಸಿಯೋಥೆರಪಿ ಹುಡುಗಿ ಬಂದಳು. "ಅಜ್ಜಿ, ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನಡೀರಿ. ಬ್ಯಾಲೆನ್ಸ್ ಬರತ್ತೆ."

"ಈ ವಯಸ್ಸಲ್ಲಿ ನನ್ನ ಸರ್ಕಸ್‌ಗೆ ಸೇರಿಸ್ತೀಯೇನಮ್ಮ?"

ಹುಡುಗಿ ಪೆಚ್ಚಾದಳು. ಆಗ ಮೊಮ್ಮಗಳು ಬಾಯಿ ಬಿಟ್ಟಳು.

"ಅಜ್ಜಿ, ನನ್ನ ಜ್ವರ ಬಿಟ್ರೆ ಆಂಜನೇಯಂಗೆ ಹೆಜ್ಜೆ ನಮಸ್ಕಾರ ಮಾಡ್ತೀನಿ ಅಂತ ನೀನು ಹರಕೆ ಹೊತ್ತಿದ್ದೆ ಅಲ್ವಾ? ಜ್ವರ ಯಾವತ್ತೋ ಬಿಡ್ತಲ್ಲ!"

ಪಾದಕ್ಕೆ ಪಾದ ತಾಗಿಸುತ್ತ ಗುಡಿ ಸುತ್ತುವ ಹರಕೆ ಅದು. ದೇವರಿಗೇ ಬಾಕಿ ಉಳಿಸಿಕೊಳ್ಳುವುದೇ!

ಮರುದಿನದಿಂದ ಮನೆಯ ಹಾಲ್‌ನಲ್ಲಿ ಅಭ್ಯಾಸ ಶುರು. ಗೋಡೆಗೆ ಒಂದು ಕೈ, ಬಾಯಲ್ಲಿ ರಾಮನಾಮ. ನಾನು ಕ್ರಿಕೆಟ್ ಹಾಕಿದರೆ ಸಾಕು, ಟಿವಿ ಮುಂದೆಯೇ ಮೆರವಣಿಗೆ! ಯಾರು ಔಟಾದರೋ, ನನಗೆ ಕಂಡದ್ದು ಇವಳ ಸೆರಗು.

"ಅಜ್ಜಿ, ನಾನು ಹೇಳಿದ್ದೂ ಇದನ್ನೇ!" ಅಂದಳು ಆ ಹುಡುಗಿ.

"ನೀನು ಹೇಳಿದ್ದು ವ್ಯಾಯಾಮ. ಇದು ನಮಸ್ಕಾರ. ಬಾ, ನೀನೂ ಒಂದು ಸುತ್ತು ಹಾಕು!"

ಇವತ್ತು ಬೆಳಿಗ್ಗೆ ಬೀದಿ ಕೊನೆಯ ಗುಡಿಗೆ ಹೋದೆವು. ಅವಳು ಗುಡಿಯ ಗೋಡೆ ಹಿಡಿದು ಹೊರಟಳು. ಹಿಂದೆ ನಾನು, ಎರಡೂ ಕೈ ಚಾಚಿಕೊಂಡು.

"ಕೋಳಿ ಹಿಡಿಯೋರ ಥರ ಬರಬೇಡ್ರೀ, ಜನ ನಗ್ತಾರೆ."

ಮೂಲೆಯಲ್ಲಿ ಗೋಡೆ ಮುಗಿಯಿತು. ಕೈ ಗಾಳಿಯಲ್ಲಿ ನಿಂತಿತು. ಅವಳೂ ನಿಂತಳು. ನನಗೆ ಕೆಮ್ಮು ಬಂತು. ಅಷ್ಟರಲ್ಲಿ ಅವಳು ಒಂದು ಹೆಜ್ಜೆ ಇಟ್ಟಳು! ಇನ್ನೊಂದು! ಸುತ್ತು ಮುಗಿಯುವವರೆಗೂ ಮತ್ತೆ ಗೋಡೆ ಮುಟ್ಟಲಿಲ್ಲ.

ಸಂಜೆ ಅವಳ ತಟ್ಟೆ ಮಂಚಕ್ಕೆ ಹೋಗಲಿಲ್ಲ. ಅವಳೇ ನಡೆದು ಬಂದು, ಎಲ್ಲರ ನಡುವೆ, ನನ್ನ ಪಕ್ಕ ಕೂತಳು. ಮೆಲ್ಲಗೆ ಹೇಳಿದಳು: "ಆ ಮೂಲೇಲಿ ನಂಗೆ ತುಂಬ ಭಯ ಆಯ್ತು ಕಣ್ರೀ. ಹಿಂದೆ ನಿಮ್ಮ ಕೆಮ್ಮು ಕೇಳಿಸ್ತು. ಸರಿ, ಇದ್ದಾರೆ ಅಂದ್ಕೊಂಡೆ."

ನನಗೆ ಮತ್ತೆ ಕೆಮ್ಮು ಬಂತು. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಪಾಯಸ ಹಾಕಿದಳು. ಎಲ್ಲರೂ ಊಟ ಶುರು ಮಾಡಿದೆವು.