ಹದಿಮೂರು ವ್ಯಾಟಿನ ವ್ಯಾಜ್ಯ

ವೇದವತಿಗೆ ಅಮೆರಿಕದ ಮೇಲೆ ಇದ್ದದ್ದು ಒಂದೇ ದೂರು. ಸನ್ನಿವೇಲಿಗೆ ಬಂದು ಹದಿನಾಲ್ಕು ವರ್ಷವಾಗಿದ್ದರೂ ಒಂದು ನರಪಿಳ್ಳೆಯೂ ಅವಳನ್ನು ಫಿಸಿಕ್ಸಿನ ಬಗ್ಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಹಾಸನದ ಪಿ.ಯು. ಕಾಲೇಜಿನಲ್ಲಿ ಆರು ವರ್ಷ ಹುಡುಗಿಯರಿಗೆ ಓಮನ ನಿಯಮ ಅರೆದು ಕುಡಿಸಿದ ಹೆಂಗಸು ಅವಳು. ಇಲ್ಲಿಯ ದೇವಸ್ಥಾನದಲ್ಲಿ ವಾರವಾರವೂ ಎಲ್ಲರೂ ಓಂ ಎನ್ನುತ್ತಿದ್ದರು. ಓಮ್ ಎಂಬ ಮಹಾಶಯ ಏನೆಂದ ಎಂದು ಯಾರೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ಟೋಸ್ಟರು ಕೆಟ್ಟರೂ, ಬಲ್ಬು ಮಿಣುಕಿದರೂ ಬಂದವರೆಲ್ಲ ನೋಡುತ್ತಿದ್ದುದು ಅವಳ ಗಂಡ ರಘೋತ್ತಮನ ಮುಖವನ್ನು. ರಘೋತ್ತಮ ಸಾಫ್ಟ್‌ವೇರಿನವನು. (ವಿದ್ಯುತ್ತಿಗೂ ಅವನಿಗೂ ಇದ್ದ ನಂಟು ಫೋನನ್ನು ಚಾರ್ಜಿಗೆ ಹಾಕುವಷ್ಟು ಮಾತ್ರ. ಅದನ್ನೂ ಅರ್ಧ ದಿನ ಮರೆಯುತ್ತಿದ್ದ.)

ಈ ರಘೋತ್ತಮ ಇಪ್ಪತ್ತೆರಡು ವರ್ಷ ಸಿಗರೇಟು ಸೇದಿದವನು. ಹಿಂದಿನ ವರ್ಷ ಡಾಕ್ಟರು ಅವನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ಒಂದು ನಿಮಿಷ ಏನೂ ಮಾತನಾಡಲಿಲ್ಲ. ಆ ಒಂದು ನಿಮಿಷಕ್ಕೆ ಹೆದರಿ ಸಿಗರೇಟು ಬಿಟ್ಟು, ಊರುಗೋಲಿನ ಹಾಗೆ ವೇಪ್ ಹಿಡಿದುಕೊಂಡ. ಹೆಬ್ಬೆರಳ ಗಾತ್ರದ ಯಂತ್ರ. ಒಳಗೆ ನಿಕೋಟಿನ್ ದ್ರವ ಹೀರಿದ ಹತ್ತಿ, ಹತ್ತಿಗೆ ಸುತ್ತಿದ ತಂತಿಯ ಕಾಯಿಲ್, ಕೆಳಗೆ ಬ್ಯಾಟರಿ. ಗುಂಡಿ ಒತ್ತಿದರೆ ತಂತಿ ಕಾದು ದ್ರವ ಆವಿಯಾಗುತ್ತದೆ. ವೇದವತಿಗೆ ಅದನ್ನು ಕಂಡರೆ ಹೇವರಿಕೆ. ಬಾಲ್ಕನಿಯ ಗಡಿ ದಾಟಿ ಅದು ಒಳಗೆ ಬರಕೂಡದೆಂದು ಕಟ್ಟಪ್ಪಣೆ ಮಾಡಿದ್ದಳು.

ಆದರೆ ರಘೋತ್ತಮನಿಗೆ ಅದು ರುಚಿಸಲಿಲ್ಲ. "ಸಪ್ಪೆ ಕಣೇ," ಎಂದು ಪ್ರತಿದಿನ ಗೊಣಗುತ್ತಿದ್ದ. "ಇಡ್ಲಿ ಪಾತ್ರೆ ಮುಚ್ಚಳ ತೆಗೆದಾಗ ಬರೋ ಹಬೆ ಇದಕ್ಕಿಂತ ಖಾರವಾಗಿರುತ್ತೆ."

ಹಾಳಾಗಿ ಹೋಗಲಿ ಎಂದು ಅವಳು ಸುಮ್ಮನಿದ್ದಳು. ಒಂದು ದಿನ ಗ್ರೋಸರಿ ಚೀಲ ತೆಗೆಯಲು ಕಾರಿನ ಬಾಗಿಲು ತೆರೆದಾಗ, ಬಾಗಿಲಿನ ಜೇಬಿನಲ್ಲಿ ಹೊಸ ಲೈಟರು ಸಿಕ್ಕಿತು. ಜೊತೆಗೊಂದು ಸಿಗರೇಟು ಪ್ಯಾಕು, ಎರಡು ಕಡಿಮೆ. ವೇದವತಿ ಅದನ್ನು ಇದ್ದಲ್ಲೇ ಇಟ್ಟು ಬಾಗಿಲು ಮುಚ್ಚಿದಳು. ಡಾಕ್ಟರು ಮಾತನಾಡದೆ ನಿಂತಿದ್ದ ಆ ನಿಮಿಷ ಅವಳಿಗೂ ನೆನಪಿತ್ತು. ಆ ದರಿದ್ರ ಯಂತ್ರ ಕೆಲಸ ಮಾಡದಿದ್ದರೆ ಗಂಡ ಮತ್ತೆ ಸಿಗರೇಟಿಗೆ ಮರಳುತ್ತಾನೆ ಎಂಬುದು ಅವಳಿಗೆ ಗಟ್ಟಿಯಾಯಿತು. ಹೇವರಿಕೆಯನ್ನು ಬದಿಗಿಟ್ಟು, ಬಾಲ್ಕನಿಯಲ್ಲಿ ಬಿದ್ದಿದ್ದ ಅದರ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದಳು. ಓದಿ, ತನ್ನನ್ನು ಕೇಳಲಿ ಎಂದು ಕಾದಳು.

ಯಾರೂ ಕೇಳಲಿಲ್ಲ. ಕೇಳುವುದಕ್ಕೆ ರಘೋತ್ತಮನಿಗೆ ಇಬ್ಬರು ಗೆಳೆಯರಿದ್ದರು. ಯೂನಿಯನ್ ಸಿಟಿಯ ಅಚ್ಯುತ ಮತ್ತು ಮಂಡ್ಯದ ಕಡೆಯ ಚೆಲುವರಾಜು, ಇಬ್ಬರೂ ವೇಪಿಗರು. ಶನಿವಾರ ಬೆಳಿಗ್ಗೆ ಅವರು ಊಟದ ಮೇಜಿನ ಎರಡು ತುದಿಗೆ ಕೂತು ಅವರೆಕಾಳು ಉಪ್ಪಿಟ್ಟನ್ನು ಸಾಕ್ಷಿಯಾಗಿಟ್ಟುಕೊಂಡು ವಾದ ಶುರುಮಾಡಿದರು.

"ವೋಲ್ಟೇಜು ಏರಿಸೋ ರಘು," ಎಂದ ಅಚ್ಯುತ. "ಮೂರೂವರೆ ಚಿಲ್ಲರೆಯಲ್ಲಿ ಯಾರಾದ್ರೂ ಸೇದ್ತಾರಾ? ನಾಲ್ಕು ಪಾಯಿಂಟ್ ಎಂಟಕ್ಕೆ ಹಾಕು. ತಳ್ಳೋ ಶಕ್ತಿ ಇರಬೇಕು."

"ಅಂಗಲ್ಲ ಕಣಣ್ಣ," ಎಂದ ಚೆಲುವರಾಜು. "ತಡೆಯೋನು ಅಡ್ಡ ನಿಂತಿದ್ರೆ ಎಷ್ಟು ತಳ್ಳಿದ್ರೇನು ಬಂತು? ರೆಸಿಸ್ಟೆನ್ಸು ಇಳಿಸ್ಬೇಕು. ಒನ್ ಪಾಯಿಂಟ್ ಎಂಟು ಓಮಿನ ಕಾಯಿಲ್ ಕಿತ್ತಾಕಿ ಒಂದು ಓಮಿಂದು ಹಾಕ್ಲಿ. ತಾನೇ ನುಗ್ತದೆ."

"ವೋಲ್ಟೇಜಿಲ್ಲದೆ ಏನು ನುಗ್ಗತ್ತೆ?"

"ದಾರಿ ಇಲ್ದೆ ಎಲ್ಲಿಗೆ ತಳ್ತೀರಾ?"

ಹದಿನೈದು ವರ್ಷದ ಮಗಳು ಗಾರ್ಗಿ ಸೋಫಾದಿಂದ ತಲೆಯೆತ್ತಿ ತಾಯಿಯ ಕಡೆ ನೋಡಿದಳು. ವೇದವತಿ ಸೌಟು ಹಿಡಿದುಕೊಂಡೇ ಬಾಯಿ ತೆರೆದಳು. "ನೋಡಿ, ಎರಡಕ್ಕೂ ಲೆಕ್ಕ..."

"ಅತ್ತಿಗೆ, ಇದು ಸ್ವಲ್ಪ ಟೆಕ್ನಿಕಲ್ಲು," ಎಂದ ಅಚ್ಯುತ, ಬಹಳ ವಿನಯದಿಂದ. "ಉಪ್ಪಿಟ್ಟು ಇನ್ನೊಂಚೂರು ಇದ್ಯಾ?"

ಉಪ್ಪಿಟ್ಟು ಇತ್ತು. ಬಡಿಸಿದಳು. ಸೌಟು ತಟ್ಟೆಗೆ ಬಡಿದ ಸದ್ದು ಮಾತ್ರ ಅಗತ್ಯಕ್ಕಿಂತ ಜೋರಾಗಿತ್ತು.

ಎರಡು ವಾರ ಈ ವ್ಯಾಜ್ಯ ನಡೆಯಿತು. ಮೂರನೆಯ ಶನಿವಾರ ರಘೋತ್ತಮ ಶಾಂತಿದೂತನಾಗಿ ಸಂಧಾನಸೂತ್ರ ಮಂಡಿಸಿದ. ಇಬ್ಬರಿಗೂ ಬೇಸರವಾಗಬಾರದು, ಆದ್ದರಿಂದ ಎರಡನ್ನೂ ಮಾಡೋಣ. ಚೆಲುವರಾಜು ತಂದ ಒಂದು ಓಮಿನ ಕಾಯಿಲನ್ನು ಹಾಕಿದರು, ಅಚ್ಯುತ ವೋಲ್ಟೇಜನ್ನು ನಾಲ್ಕು ಪಾಯಿಂಟ್ ಎಂಟಕ್ಕೆ ಏರಿಸಿದ. ಬಾಲ್ಕನಿಯಲ್ಲಿ ಗಾಳಿ ಜಾಸ್ತಿ, ವೈಜ್ಞಾನಿಕ ಪರೀಕ್ಷೆಗೆ ಗಾಳಿ ಅಡ್ಡಿ ಎಂಬ ನೆಪ ಹೇಳಿ, ವೇದವತಿ ಲಾಂಡ್ರಿ ರೂಮಿಗೆ ಹೋದ ಸಮಯ ನೋಡಿ, ಊಟದ ಮೇಜಿನಲ್ಲೇ ಉದ್ಘಾಟನೆ ನೆರವೇರಿಸಿದರು.

ರಘೋತ್ತಮ ಗುಂಡಿ ಒತ್ತಿ ಉದ್ದಕ್ಕೆ ಎಳೆದ. ಕಣ್ಣು ಹೊರಬಂತು. ಸುಟ್ಟ ಹತ್ತಿಯ ಬನೀನನ್ನು ಒಲೆಯಿಂದ ನೇರವಾಗಿ ಗಂಟಲಿಗೆ ಇಳಿಸಿದ ಹಾಗಾಯಿತು. ಅವನು ಕೆಮ್ಮಿದ ರಭಸಕ್ಕೆ ಮೂಗು ಬಾಯಿಗಳಿಂದ ಹೊರಟ ಮೋಡ ಚಾವಣಿಗೆ ಹೋಗಿ, ಹೊಗೆ ಕಂಡರೆ ಕೂಗುವ ಅಲಾರಂ ಗಂಟೆಗೆ ಮುತ್ತಿಕ್ಕಿತು. ಗಂಟೆ ಕಿರುಚಲು ಶುರುವಾಯಿತು. ಚೆಲುವರಾಜು ಕುರ್ಚಿಯ ಮೇಲೆ ಹತ್ತಿ ಯೋಗಾ ಮ್ಯಾಟಿನಿಂದ ಚಾಮರಸೇವೆ ಮಾಡತೊಡಗಿದ. ಅಚ್ಯುತ ನೀರು ತರಲು ಓಡಿ ಸಾರಿನ ಪಾತ್ರೆ ತಂದ. ಎದುರು ಮನೆಯವರು ಬೆಕ್ಕನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಾಗ, ಒಗೆದ ಬಟ್ಟೆಯ ಬುಟ್ಟಿ ಹೊತ್ತ ವೇದವತಿ ಮೆಟ್ಟಿಲು ಹತ್ತಿ ಬಂದಳು.

ಅವಳು ಕಿಟಕಿಗಳನ್ನು ತೆರೆದಳು. ಗಂಟೆಯನ್ನು ನಿಲ್ಲಿಸಿದಳು. ಗಂಡನಿಗೆ ನೀರು ಕೊಟ್ಟಳು. ಅವನು ಕುಡಿದು, ಕಣ್ಣೊರೆಸಿಕೊಂಡು, "ಇದರ ಸಹವಾಸ ಸಾಕು. ನನಗೆ ಸಿಗರೇಟೇ ಸರಿ," ಎಂದ.

ಗಾರ್ಗಿ ಎದ್ದು ಬಂದು, "ಅಮ್ಮಾ, ಯೂ ನೋ ದಿಸ್. ಜಸ್ಟ್ ಟೆಲ್ ದೆಮ್," ಎಂದು ಫ್ರಿಜ್ಜಿನ ಬಾಗಿಲಿನ ಬಿಳಿ ಹಲಗೆಯ ಪಕ್ಕದಲ್ಲಿದ್ದ ಮಾರ್ಕರನ್ನು ತಾಯಿಯ ಕೈಗೆ ಕೊಟ್ಟಳು.

ವೇದವತಿ ಹಲಗೆಯ ಮೇಲಿದ್ದ ಹಾಲು, ಮೊಸರು, ಕೊತ್ತಂಬರಿಗಳನ್ನು ಒಂದೇ ಕೈಯಲ್ಲಿ ಒರೆಸಿದಳು. ಸೆರಗಿರಲಿಲ್ಲ, ಇದ್ದಿದ್ದರೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಕೂತ್ಕೊಳ್ಳಿ ಮೂರೂ ಜನ," ಎಂದಳು. ಕೂತರು. "ಅಚ್ಯುತ, ಬಿಸಿ ಎಷ್ಟು ಅನ್ನೋದಕ್ಕೆ ಏನು ಲೆಕ್ಕ?"

ಅಚ್ಯುತ ಚೆಲುವರಾಜುವನ್ನು ನೋಡಿದ. ಚೆಲುವರಾಜು ಯೋಗಾ ಮ್ಯಾಟನ್ನು ನೋಡಿದ.

"ವೋಲ್ಟೇಜನ್ನ ಅದರಿಂದಲೇ ಗುಣಿಸಿ, ರೆಸಿಸ್ಟೆನ್ಸಿನಿಂದ ಭಾಗಿಸಬೇಕು. ಬರೋದು ವ್ಯಾಟು. ಮೊದಲು ಇದ್ದದ್ದು ಮೂರು ಪಾಯಿಂಟ್ ಆರು ವೋಲ್ಟು, ಒಂದು ಪಾಯಿಂಟ್ ಎಂಟು ಓಮು. ಏಳು ವ್ಯಾಟು ಚಿಲ್ಲರೆ. ಅದಕ್ಕೇ ಸಪ್ಪೆ. ಅಚ್ಯುತ ಹೇಳಿದ ಹಾಗೆ ವೋಲ್ಟೇಜು ಮಾತ್ರ ಏರಿಸಿದ್ರೆ ಎಷ್ಟು?" ಬರೆದಳು. "ಹನ್ನೆರಡು ಪಾಯಿಂಟ್ ಎಂಟು. ಚೆಲುವರಾಜು ಹೇಳಿದ ಹಾಗೆ ರೆಸಿಸ್ಟೆನ್ಸು ಮಾತ್ರ ಇಳಿಸಿದ್ರೆ?" ಅದನ್ನೂ ಬರೆದಳು. "ಹನ್ನೆರಡು ಪಾಯಿಂಟ್ ಒಂಬತ್ತು ಆರು."

ರಘೋತ್ತಮ ಕುರ್ಚಿಯಿಂದ ಮುಂದಕ್ಕೆ ಬಾಗಿ ಎರಡೂ ಅಂಕಿಗಳನ್ನು ಓದಿದ.

"ಎರಡೂ ಹದಿಮೂರೇ," ಎಂದ ರಘೋತ್ತಮ.

"ಎರಡೂ ಹದಿಮೂರೇ. ಮೂರು ವಾರ ಇಬ್ಬರೂ ಒಂದೇ ಮಾತು ಹೇಳ್ಕೊಂಡು ಜಗಳ ಆಡಿದ್ದೀರಿ, ನನ್ನ ಉಪ್ಪಿಟ್ಟು ತಿಂದ್ಕೊಂಡು. ಎರಡನ್ನೂ ಒಟ್ಟಿಗೆ ಮಾಡಿದ್ರೆ ಇಪ್ಪತ್ಮೂರು. ಈ ಕಾಯಿಲಿನ ಮೇಲೆ ಕಂಪನಿಯವರೇ ಅಚ್ಚು ಹಾಕಿದ್ದಾರೆ, ಹದಿನೈದು ವ್ಯಾಟು ದಾಟಬೇಡಿ ಅಂತ. ಹತ್ತಿಗೆ ದ್ರವ ಹೀರ್ಕೊಳ್ಳೋಕೂ ಟೈಮು ಬಿಡಲಿಲ್ಲ ನೀವು. ಹತ್ತಿ ಸುಟ್ಟಿತು."

"ಅಕ್ಕ," ಎಂದ ಚೆಲುವರಾಜು, ದನಿ ತಗ್ಗಿಸಿ, "ಅಂಗಾರೆ ಯಾವ್ದು ಮಾಡ್ಬೇಕು?"

ಹದಿನಾಲ್ಕು ವರ್ಷದ ಮೇಲೆ ಬಂದ ಪ್ರಶ್ನೆ. ವೇದವತಿ ಉತ್ತರಕ್ಕೆ ಆತುರ ಮಾಡಲಿಲ್ಲ. ಸ್ವಲ್ಪ ಹೊತ್ತು ಅದನ್ನು ಬಾಯಲ್ಲಿಟ್ಟುಕೊಂಡು ಸವಿದಳು.

"ಹಳೇ ಕಾಯಿಲ್ ಇರಲಿ. ವೋಲ್ಟೇಜು ಏರಿಸಿ, ಸ್ವಲ್ಪ ಸ್ವಲ್ಪ. ಯಾಕೆ ಅಂದ್ರೆ ತಿರುಗಿಸಿದ್ದನ್ನ ಹಿಂದಕ್ಕೆ ತಿರುಗಿಸಬಹುದು. ರೆಸಿಸ್ಟೆನ್ಸು ಇಳಿಸಿದ್ದು ಹೆಚ್ಚಾಯ್ತು ಅಂದ್ರೆ ಇನ್ನೊಂದು ಕಾಯಿಲಿಗೆ ಅಂಗಡಿಗೇ ಓಡಬೇಕು."

ಆಮೇಲೆ ನಡೆದದ್ದು ಶುದ್ಧ ಪ್ರಯೋಗಶಾಲೆ. ಬಾಲ್ಕನಿಯಲ್ಲಿ ರಘೋತ್ತಮನನ್ನು ನಿಲ್ಲಿಸಿ, ಗಾರ್ಗಿಯ ನೋಟ್‌ಬುಕ್ಕಿನಲ್ಲಿ ಕೋಷ್ಟಕ ಎಳೆದು, ಮೂರು ಪಾಯಿಂಟ್ ಎಂಟರಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಪ್ರತಿ ಮೆಟ್ಟಿಲಿಗೂ ಒಂದೇ ದಮ್ಮು, ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿದಳು. ನಾಲ್ಕು ಪಾಯಿಂಟ್ ನಾಲ್ಕರಲ್ಲಿ ರಘೋತ್ತಮ ಕಣ್ಣು ಮುಚ್ಚಿ ನಿಂತ. "ಹೂಂ," ಎಂದ. "ಇದು."

ಸಂಜೆ ಅವನೇ ಕಾರಿಗೆ ಹೋಗಿ ಆ ಪ್ಯಾಕು ತಂದು ಅವಳೆದುರಿಗೆ ಕಸದ ಬುಟ್ಟಿಗೆ ಹಾಕಿದ. "ಗೊತ್ತಿತ್ತಾ ನಿನಗೆ?" ಎಂದ.

"ಗೊತ್ತಿತ್ತು."

"ನೀನು ಪಾಠ ಮಾಡೋದನ್ನ ನಾನು ಇವತ್ತೇ ನೋಡಿದ್ದು ವೇದಾ." ಸ್ವಲ್ಪ ತಡೆದು, "ಹೆದರಿಕೆ ಆಯ್ತು," ಎಂದ. ಅವಳಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ.

ಆದರೆ ಅವಳು ಅಲ್ಲಿಗೆ ಬಿಡಲಿಲ್ಲ. ಕೋಷ್ಟಕಕ್ಕೆ ಇನ್ನೊಂದು ಕಾಲಂ ಎಳೆದಳು. ದ್ರವದಲ್ಲಿನ ನಿಕೋಟಿನ್ ಹನ್ನೆರಡು ಮಿಲಿಗ್ರಾಂ, ತಿಂಗಳಿಗೆ ಮೂರರಂತೆ ಇಳಿಯಬೇಕು. ಬಿಸಿ ಸರಿಯಾಗಿ ಕೂತಿದ್ದರಿಂದ ರಘೋತ್ತಮನಿಗೆ ಇಳಿದದ್ದು ಅಷ್ಟಾಗಿ ತಟ್ಟಲಿಲ್ಲ. ನಾಲ್ಕನೆಯ ತಿಂಗಳು ಸೊನ್ನೆ. ಐದನೆಯ ತಿಂಗಳು ಯಂತ್ರವನ್ನು ಎಲ್ಲಿಟ್ಟೆನೆಂದೇ ಅವನಿಗೆ ನೆನಪಿರಲಿಲ್ಲ. ಡಾಕ್ಟರು ಈ ಸಲ ಚಿತ್ರ ನೋಡಿ ತಕ್ಷಣವೇ ಮಾತನಾಡಿದರು, ಅದೂ ಹವಾಮಾನದ ಬಗ್ಗೆ.

ಕೀರ್ತಿ ಹಬ್ಬಿತು. ಅಚ್ಯುತ ತನ್ನ ಆಫೀಸಿನಲ್ಲಿ ಹೇಳಿದ, ಚೆಲುವರಾಜು ಕ್ರಿಕೆಟ್ ಟೀಮಿನಲ್ಲಿ ಹೇಳಿದ. ಶನಿವಾರ ಹತ್ತು ಗಂಟೆಗೆ ವೇದವತಿಯ ಬಾಗಿಲಲ್ಲಿ ಹನ್ನೊಂದು ಜೊತೆ ಶೂ. ಸಪ್ಪೆಯವರು, ಸುಟ್ಟವರು, ಸೋರುವವರು. ಲಾಸ್ ಆಲ್ಟೋಸಿನಿಂದ ಒಬ್ಬ ಹಲ್ಲಿನ ಡಾಕ್ಟರು ಕೂಡ ತಲೆ ತಗ್ಗಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತರು. ವೇದವತಿಯ ಷರತ್ತು ಒಂದೇ: ನಿಕೋಟಿನ್ ಕಾಲಮ್ಮಿಗೆ ಸಹಿ ಹಾಕಿದವರಿಗೆ ಮಾತ್ರ ಓಮನ ನಿಯಮ. ಹನ್ನೊಂದರಲ್ಲಿ ನಾಲ್ಕು ಜನ ಸೊನ್ನೆಗೆ ಬಂದು ಕ್ಲಾಸು ಬಿಟ್ಟರು. ಅವರ ಜಾಗಕ್ಕೆ ಆರು ಜನ ಬಂದರು.

ಆಗ ಬಂತು ಅಪಾರ್ಟ್‌ಮೆಂಟಿನ ಆಫೀಸಿನಿಂದ ನೋಟೀಸು. ಎರಡನೆಯ ಮಹಡಿಯ ಈ ಮನೆಯಲ್ಲಿ ವೇಪ್ ಅಂಗಡಿ ನಡೆಯುತ್ತಿದೆಯೆಂದು ದೂರು ಬಂದಿದೆ, ಮನೆಯಾಕೆ ಬಂದು ಕಾಣತಕ್ಕದ್ದು.

ಸೇದುವುದಿರಲಿ, ಅದರ ವಾಸನೆಗೇ ಮೂಗು ಮುಚ್ಚುವ ವೇದವತಿಗೆ ಮೈಯೆಲ್ಲ ಉರಿಯಿತು. ಒಳ್ಳೆಯ ಸೀರೆ ಉಟ್ಟಳು. ಎಂ.ಎಸ್ಸಿ. ಸರ್ಟಿಫಿಕೇಟನ್ನು ಫೈಲಿನಲ್ಲಿಟ್ಟುಕೊಂಡಳು. "ಇವತ್ತಿಗೆ ಕ್ಲಾಸು ಬಂದ್," ಎಂದು ರಘೋತ್ತಮನಿಗೆ ಹೇಳಿದಳು. "ಇನ್ನು ನಮ್ಮ ಮನೆ ಬಾಗಿಲಿಗೆ ಆ ಯಂತ್ರ ತಂದವರಿಗೆ ನಾನು ಕಾಫಿ ಕೂಡ ಕೊಡಲ್ಲ. ನಾನೇನು, ನನ್ನ ಓದೇನು, ನನ್ನನ್ನ ಅಂಗಡಿಯವಳು ಮಾಡಿಬಿಟ್ರಿ." ಮಾತು ಮುಗಿಸಿ ಬಾಗಿಲೆಳೆದುಕೊಂಡು ಹೋದಳು.

ಮ್ಯಾನೇಜರ್ ಡಯಾನ್ ಅರವತ್ತರ ಹತ್ತಿರದ ಹೆಂಗಸು. ಸರ್ಟಿಫಿಕೇಟನ್ನು ಮರ್ಯಾದೆಯಿಂದ ನೋಡಿದಳು. ವೇದವತಿ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಹೇಳಿದ್ದನ್ನು ತಡೆಯದೆ ಕೇಳಿದಳು. ಕೊನೆಗೆ ಎದ್ದು ಹೋಗಿ ಆಫೀಸಿನ ಬಾಗಿಲು ಮುಚ್ಚಿಬಂದು, ಮೇಜಿನ ಸೆಳೆಖಾನೆ ಎಳೆದು, ಟಿಶ್ಯೂ ಕಾಗದದಲ್ಲಿ ಸುತ್ತಿದ್ದ ಒಂದು ನೀಲಿ ಯಂತ್ರವನ್ನು ಹೊರತೆಗೆದಳು.

"ಎರಡು ತಿಂಗಳಿಂದ ಸುಟ್ಟ ವಾಸನೆ," ಎಂದಳು ತಗ್ಗಿದ ದನಿಯಲ್ಲಿ. "ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ."

ವೇದವತಿ ಆ ಯಂತ್ರವನ್ನು ಮುಟ್ಟಬಾರದೆಂದು ಮೂರು ಸೆಕೆಂಡು ಗಟ್ಟಿಯಾಗಿ ಕೂತಳು. ನಾಲ್ಕನೆಯ ಸೆಕೆಂಡಿಗೆ ಕನ್ನಡಕ ಹಾಕಿಕೊಂಡಳು.

ಅವಳು ಮನೆಗೆ ಬಂದಾಗ ಒಂದೂವರೆ ಗಂಟೆ ಕಳೆದಿತ್ತು. ರಘೋತ್ತಮ ಬಾಗಿಲಲ್ಲೇ ಕಾಯುತ್ತಿದ್ದ.

"ಏನಾಯ್ತು? ಕ್ಲಾಸು ನಿಲ್ಲಿಸಿದೀನಿ ಅಂತ ಹೇಳಿದ್ಯಾ?"

ವೇದವತಿ ಫೈಲನ್ನು ಮೇಜಿನ ಮೇಲಿಟ್ಟು, ಗಂಡನ ಮುಖ ನೋಡದೆ ನೇರವಾಗಿ ಫ್ರಿಜ್ಜಿನ ಹಲಗೆಯ ಹತ್ತಿರ ಹೋದಳು.

"ಶನಿವಾರ ನಮ್ಮೋರು," ಎಂದು ಬರೆಯುತ್ತ ಹೇಳಿದಳು. "ಮಂಗಳವಾರ ಆಫೀಸಿನೋರು. ಕ್ಲಬ್‌ಹೌಸ್ ಬಿಟ್ಟುಕೊಡ್ತಾರಂತೆ."