ಹಾಸಿಗೆ ಸಾಹುಕಾರರ ಎತ್ತರದ ಗಾಡಿ

"ಮೂವತ್ತು ವರ್ಷದಿಂದ ಊರಿನ ಸೊಂಟಗಳನ್ನೆಲ್ಲ ಕಾಪಾಡ್ಕೊಂಡು ಬಂದವನು ನಾನು. ಒಂದು ಗಾಡೀನ ಮೆತ್ತಗೆ ಮಾಡೋಕೆ ಮೆಕ್ಯಾನಿಕ್ ಬೇಕಾ?" ಎಂದು ಹಾಸಿಗೆ ಅಂಗಡಿಯ ಸಾಹುಕಾರರು ಶನಿವಾರ ಬೆಳಿಗ್ಗೆ ಲೋಟ ಕೆಳಗಿಟ್ಟು ಘೋಷಿಸಿದರು.

"ಫ್ಯಾನ್ ಬಿಚ್ಚಿದ ದಿನಾನೂ ಹೀಗೇ ಅಂದಿದ್ರಿ," ಎಂದಳು ಹೆಂಡತಿ.

ಸಾಹುಕಾರರ ಅಂಗಡಿಯ ಬಾಗಿಲಲ್ಲಿ ಒಂದು ಬೋರ್ಡು ಉಂಟು: 'ಮೈಭಾರ ಹಾಕಿ ನೋಡದೆ ಹಾಸಿಗೆ ಕೊಳ್ಳಬೇಡಿ.' ಗಿರಾಕಿಯನ್ನು ಮಲಗಿಸಿ, ಹೊರಳಾಡಿಸಿ, ಆಮೇಲೇ ಬೆಲೆ ಹೇಳುವುದು ಅವರ ಪದ್ಧತಿ. ಅಂಥವರು ಸರಕು ಸಾಗಿಸಲು ಕೊಂಡ ಪಿಕಪ್ ಟ್ರಕ್ಕನ್ನು ಗತ್ತಿಗೋಸ್ಕರ ಅರ್ಧ ಅಡಿ ಎತ್ತರಿಸಿ, ದಪ್ಪ ಚಕ್ರ ಹಾಕಿಸಿದ್ದರು. ಅಂದಿನಿಂದ ಹೆಂಡತಿಗೆ ಅದನ್ನು ಹತ್ತಲು ಅಡುಗೆಮನೆಯ ಸ್ಟೂಲು ಬೇಕಾಯಿತು. ಹತ್ತಿ ಕೂತರೆ ಮುಂದಿನ ಚಕ್ರಗಳಿಂದ ಕಿರ್, ಕಟಕ್ ಎಂಬ ಸಂಗೀತ ಕಚೇರಿ ಶುರು. ಕಡಲೆಗಾತ್ರದ ಕಲ್ಲು ಸಿಕ್ಕರೂ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು.

ಭಾನುವಾರ ಅತ್ತೆಯವರು ರೈಲಿಳಿಯುವವರಿದ್ದರು. ಹೆಂಡತಿಯ ತೀರ್ಪು ಸ್ಪಷ್ಟವಾಗಿತ್ತು: ಸ್ಟೇಷನ್ನಿನಿಂದ ಮನೆ ಮುಟ್ಟುವಷ್ಟರಲ್ಲಿ ಅಮ್ಮ ಒಂದೇ ಒಂದು ಸಲ ಸೊಂಟ ಹಿಡಿದುಕೊಂಡರೂ ಸೋಮವಾರ ಗಾಡಿ ಮಾರಾಟ.

ಚಕ್ರವನ್ನು ಗಾಡಿಗೆ ಸೇರಿಸುವ ತೋಳುಗಳ ಕೀಲಿನಲ್ಲಿರುವ ರಬ್ಬರ್ ಬಳೆ, ಅಂದರೆ ಬುಷ್, ಸವೆದಿರಬೇಕೆಂದು ಬಿಡಿಭಾಗದ ಅಂಗಡಿಯವನು ಹೇಳಿದ. ಸಾಹುಕಾರರು ಹೊಸ ಬುಷ್ ತಂದರು. ಮುಂಭಾಗವನ್ನು ಜಾಕಿನಲ್ಲಿ ಎತ್ತಿ, ಚಕ್ರಗಳನ್ನು ನೇತಾಡಲು ಬಿಟ್ಟು, ಹಳೆಯವನ್ನು ಬಡಿದು ಕಿತ್ತು, ಹೊಸದನ್ನು ಕೂರಿಸಿದರು. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಕುತ್ತಿಗೆಯ ನರ ಉಬ್ಬುವಂತೆ ಬೋಲ್ಟು ಬಿಗಿದರು. ಸಂಜೆ ಗಾಡಿಯನ್ನು ಇಳಿಸಿ, ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು ಫೋಟೋ ತೆಗೆಸಿಕೊಂಡರು. ಓಡಿಸಿ ನೋಡುವುದೊಂದು ಬಾಕಿ ಉಳಿಯಿತು.

ಮರುದಿನ ಬೀದಿಯ ತಿರುವಿನಲ್ಲೇ ಗಾಡಿ ಹೊಸ ರಾಗ ತೆಗೆಯಿತು. ಮೊದಲು ಕಿರ್ ಎನ್ನುತ್ತಿದ್ದದ್ದು ಈಗ ಕಿರ್‍ರೋ ಎಂದು ಅರಚುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಹೆಂಡತಿ ಫೋನಿನಲ್ಲಿ ಹಳೇ ಗಾಡಿಗಳ ಬೆಲೆ ನೋಡತೊಡಗಿದಳು. ಸಾಹುಕಾರರಿಗೆ ಅದರಿಂದಲೇ ಹೆಚ್ಚು ಭಯವಾಯಿತು. ದಾರಿಯಲ್ಲಿ ಅಂಗಡಿಯ ಬೀಗ ತೆಗೆದು ಎರಡು ಸ್ಯಾಂಪಲ್ ಹಾಸಿಗೆ ತಂದು, ಮಡಚಿ ಮುಂದಿನ ಸೀಟಿನ ಮೇಲಿಟ್ಟರು. ಸ್ಟೇಷನ್ನಿನಲ್ಲಿ ಅತ್ತೆ ಸ್ಟೂಲು ಹತ್ತಿ, ಹಾಸಿಗೆ ಹತ್ತಿ, ಅಂತೂ ಆಸೀನರಾದರು. ರಸ್ತೆಯುಬ್ಬಿನ ಮೊದಲ ಹಂಪಿನಲ್ಲೇ ಅವರ ನೆತ್ತಿ ಚಾವಣಿಗೆ ತಾಗಿತು.

"ತಲೆ ಹಿಡ್ಕೊಂಡ್ರು," ಎಂದರು ಸಾಹುಕಾರರು ಮೆಲ್ಲಗೆ. "ನಮ್ಮ ಮಾತು ಆಗಿದ್ದು ಸೊಂಟದ್ದು."

ಎರಡನೆಯ ಹಂಪಿನಲ್ಲಿ ಅತ್ತೆಯ ಇನ್ನೊಂದು ಕೈ ಸೊಂಟಕ್ಕೆ ಹೋಯಿತು.

"ಅಳಿಯಂದಿರೇ," ಎಂದರು ಅವರು, "ನಾನು ನಡ್ಕೊಂಡು ಬರ್ತೀನಿ. ನೀವು ಹಿಂದೆ ನಿಧಾನಕ್ಕೆ ಬನ್ನಿ."

ಹೆಂಡತಿ ಅಮ್ಮನನ್ನು ಇಳಿಯಗೊಡದೆ, ಗಾಡಿಯನ್ನು ಸೀದಾ ಮೌನಿ ಮೇಸ್ತ್ರಿಯ ಗ್ಯಾರೇಜಿಗೆ ತಿರುಗಿಸಲು ಹೇಳಿದಳು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಎನ್ನುವ ಆಸಾಮಿ ಆತ. ಎತ್ತರದ ಗಾಡಿಯ ಕೆಳಗೆ ಜಾಕಿಲ್ಲದೆಯೇ ನುಸುಳಿ, ಟಾರ್ಚು ಹಾಕಿ ನೋಡಿದ.

"ಚಕ್ರ ನೇತಾಡ್ತಿದ್ದಾಗ ಬಿಗಿದ್ರಾ?"

"ಮತ್ತೆ? ಚಕ್ರ ನೆಲದಲ್ಲಿದ್ರೆ ಕೆಲಸ ಮಾಡೋದು ಹೇಗಪ್ಪಾ?"

ಕೂರಿಸುವಾಗ ನೇತಾಡಲಿ, ಕೊನೆಯ ಬಿಗಿತ ಮಾತ್ರ ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಎಂದು ಮೇಸ್ತ್ರಿ ಹೇಳಿದ. ಇಲ್ಲದಿದ್ದರೆ ಗಾಡಿ ಇಳಿದಾಗ ರಬ್ಬರು ತಿರುಚಿಕೊಂಡು, ಒಂದೊಂದು ಹಂಪಿಗೂ ಸೆಟೆದು ಜಗಳಕ್ಕೆ ನಿಲ್ಲುತ್ತದೆ. ಒಂದು ತಿಂಗಳ ಮಾತು ಅಲ್ಲೇ ಖರ್ಚಾಯಿತು. ಮುಂದಿನ ತಿಂಗಳದ್ದನ್ನು ಅವನು ಬೋಲ್ಟು ಸಡಿಲಿಸುತ್ತ ಆಡಿದ:

"ನಿಮ್ಮ ಅಂಗಡಿ ಬೋರ್ಡು ನಾನು ಓದಿದ್ದೀನಿ ಸಾಹುಕಾರ್ರೇ. ನೀವು ಓದಿಲ್ವಾ?"

ಮೇಸ್ತ್ರಿ ಗಾಡಿಯನ್ನು ನಾಲ್ಕು ಸಲ ಅದುಮಿ, ಕುಲುಕಿ, ನೆಲದ ಮೇಲೆ ನಿಂತಂತೆಯೇ ಬೋಲ್ಟು ಬಿಗಿದು ಕಳಿಸಿದ. ಮುಂದಿನ ಹಂಪನ್ನು ಗಾಡಿ ಬೆಣ್ಣೆಯಂತೆ ದಾಟಿತು. ಅತ್ತೆಯ ಎರಡೂ ಕೈ ಮಡಿಲಲ್ಲೇ ಇದ್ದವು. ಕಿರ್ ಇಲ್ಲ, ಕಟಕ್ ಇಲ್ಲ. ತಾಯಿ ಮಗಳು ಅಳಿಯನ ಬಗ್ಗೆ ಆಡುತ್ತಿದ್ದ ಒಂದೊಂದು ಮಾತೂ ಸಾಹುಕಾರರಿಗೆ ಸ್ಪಷ್ಟವಾಗಿ ಕೇಳತೊಡಗಿತು.

ಮನೆ ಬಂತು. ಸಾಹುಕಾರರು ಅಳುಕುತ್ತ ಕೇಳಿದರು: "ಹಾಗಾದ್ರೆ... ನಾಳೆ ಮಾರೋದು?"

"ಗಾಡಿ ಇರ್ಲಿ ರೀ," ಎಂದಳು ಹೆಂಡತಿ, ಸ್ಟೂಲಿನ ಮೇಲೆ ಕಾಲಿಡುತ್ತ. "ಸ್ಪ್ಯಾನರ್ ಮಾರಿಬಿಡಿ."